ಕೆರೆಯಾಚೆಯ ಹಕ್ಕಿ ನೋಡಲು ಬೇಟೆಗಾರರ ಸ್ಕೋಪ್ ಬೇಕಾ?

ಪ್ರಶ್ನೆ: ಸರ್, ನಾನು ಗದಗ ಜಿಲ್ಲೆಯಲ್ಲಿ ಹೈಸ್ಕೂಲ್ ಶಿಕ್ಷಕ. ಚಳಿಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಮಾಗಡಿ ಕೆರೆಗೆ ಹೋಗುತ್ತಿರುತ್ತೇನೆ. ನನ್ನ ಹತ್ತಿರ 8×42 ಬೈನಾಕ್ಯುಲರ್ (8 ಪಟ್ಟು, 42 ಮಿಲಿಮೀಟರ್ ಲೆನ್ಸ್) ಇದೆ. ಪಟ್ಟೆತಲೆ ಹೆಬ್ಬಾತು ಅಂತ ಗುರುತು ಸಿಗುತ್ತದೆ, ಆದರೆ ಹಿಂಡು ನಡುನೀರಿನಲ್ಲಿ ಕೂತಿದ್ದರೆ ಅದರಾಚೆಗೆ ಏನೂ ಕಾಣಲ್ಲ. ದಡದಲ್ಲಿ ಓಡಾಡುವ ಸಣ್ಣ ಹಕ್ಕಿಗಳಂತೂ ಎಲ್ಲ ಒಂದೇ ಥರ. ಸ್ಪಾಟಿಂಗ್ ಸ್ಕೋಪ್ ತಗೊಳ್ಳೋಣ ಅಂತ ಹುಡುಕಿದರೆ ಸಿಗುವ ವಿಮರ್ಶೆಗಳೆಲ್ಲ ಅಮೆರಿಕದ ಬೇಟೆಗಾರರದ್ದು. ಅವರು 27-60×85ರ ನೇರ ಸ್ಕೋಪ್, ಒಳಗೆ ಗೆರೆ ಇರುವ ರೆಟಿಕಲ್ ಬೇಕೇ ಬೇಕು ಅನ್ನುತ್ತಾರೆ. ಡೆನ್ವರ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ತಂದುಕೊಡುತ್ತೇನೆ ಅಂದಿದ್ದಾನೆ. ಬೇಟೆಯ ಸ್ಕೋಪ್ ನಮ್ಮಲ್ಲಿ ಇಟ್ಟುಕೊಳ್ಳಬಹುದಾ? 60 ಪಟ್ಟು ಸಾಕಾಗುತ್ತಾ, ಇನ್ನೂ ಜಾಸ್ತಿ ಬೇಕಾ? ನಾನು ಕನ್ನಡಕ ಹಾಕುತ್ತೇನೆ. ಓಡಾಟ ಬೈಕ್‌ನಲ್ಲಿ. ಎಲ್ಲ ಸೇರಿ 60 ಸಾವಿರದ ತನಕ ಹಾಕಬಲ್ಲೆ. ಒಬ್ಬ ಗೆಳೆಯ ಸ್ಕೋಪ್ ಬಿಡು, ಉದ್ದ ಝೂಮ್ ಇರುವ ಕ್ಯಾಮೆರಾ ತಗೋ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಸರ್, ಮೊದಲು ಕಾನೂನಿನ ಭಯ ಬಿಡಿ. ಸ್ಪಾಟಿಂಗ್ ಸ್ಕೋಪ್ ಅಂದರೆ ಸ್ಟ್ಯಾಂಡ್ ಮೇಲೆ ಕೂರುವ ಒಂದು ಸಣ್ಣ ದೂರದರ್ಶಕ, ಅಷ್ಟೇ. ಅದು ಬಂದೂಕಿನ ಮೇಲೆ ಕೂರುವ ವಸ್ತು ಅಲ್ಲ. ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುವುದು ಬೇಟೆಯನ್ನು, ನೋಡುವುದನ್ನಲ್ಲ. ಅಂಗಡಿಯವರು ಒಂದನ್ನು ಬೇಟೆಯ ಸ್ಕೋಪ್, ಇನ್ನೊಂದನ್ನು ಹಕ್ಕಿಯ ಸ್ಕೋಪ್ ಅಂತ ಮಾರುತ್ತಾರೆ. ಎಷ್ಟೋ ಸಲ ಒಳಗಿನ ಗಾಜು ಒಂದೇ ಆಗಿರುತ್ತದೆ, ಬಣ್ಣ ಮತ್ತು ಜಾಹೀರಾತು ಬೇರೆ.

ಹಾಗಾದರೆ ಆ ವಿಮರ್ಶೆಗಳನ್ನು ನಂಬಬಹುದಾ? ಗಾಜಿನ ಗುಣಮಟ್ಟದ ಬಗ್ಗೆ ಅವರು ಹೇಳುವುದು ಬಹುಮಟ್ಟಿಗೆ ಸರಿ, ಯಾಕಂದರೆ ಅವರಷ್ಟು ಹೊತ್ತು ಸ್ಕೋಪಿನಲ್ಲಿ ಕಣ್ಣಿಟ್ಟು ಕೂರುವವರು ಕಡಿಮೆ. ಆದರೆ ಅವರ ಕೆಲಸ ಬೇರೆ, ನಿಮ್ಮದು ಬೇರೆ. ವಯೋಮಿಂಗ್, ನೆವಾಡಾ ಕಡೆ ಬೇಟೆಗಾರ ಒಂದು ಗುಡ್ಡದ ಮೇಲೆ ಕೂತು ಎದುರಿನ ಗುಡ್ಡದ ಇಳಿಜಾರನ್ನು ಗಂಟೆಗಟ್ಟಲೆ ಸೋಸುತ್ತಾನೆ. ಅಲ್ಲಿ ಕಂಡದ್ದು ಕಲ್ಲಾ, ಜಿಂಕೆಯಾ, ಜಿಂಕೆಯಾದರೆ ಕೊಂಬಿಗೆ ಎಷ್ಟು ಕವಲು ಅನ್ನುವುದು ನಡೆದು ಹೋಗುವ ಮೊದಲೇ ಗೊತ್ತಾಗಬೇಕು, ಇಲ್ಲದಿದ್ದರೆ ಅರ್ಧ ದಿನದ ನಡಿಗೆ ವ್ಯರ್ಥ. ಅಲಾಸ್ಕಾದಲ್ಲಿ ಡಾಲ್ ಅನ್ನುವ ಕಾಡು ಕುರಿ ಹೊಡೆಯಲು ಹಲವು ಕಡೆ ಇರುವ ನಿಯಮ ನೋಡಿ: ಟಗರಿನ ಕೊಂಬು ಪೂರ್ತಿ ಒಂದು ಸುತ್ತು ಸುತ್ತಿರಬೇಕು, ಇಲ್ಲವೇ ಎರಡೂ ಕೊಂಬಿನ ತುದಿ ಮುರಿದಿರಬೇಕು, ಇಲ್ಲವೇ ವಯಸ್ಸು ಕನಿಷ್ಠ 8 ವರ್ಷ ಆಗಿರಬೇಕು. ಆ ವಯಸ್ಸನ್ನು ಕೊಂಬಿನ ಮೇಲಿನ ಉಂಗುರ ಎಣಿಸಿಯೇ ತಿಳಿಯಬೇಕು. ತಪ್ಪು ಎಣಿಸಿದರೆ ಅಪರಾಧ. ಅಂಥವರಿಗೆ 85 ಮಿಲಿಮೀಟರ್ ಲೆನ್ಸ್, 60 ಪಟ್ಟು ಬೇಕಾಗುವುದು ಸಹಜ. ಅವರಿಗೆ ತಂಪಾದ, ತಿಳಿಯಾದ ಪರ್ವತದ ಗಾಳಿಯೂ ಸಿಗುತ್ತದೆ. ನಮಗೆ ಸಿಗುವುದು ಎರೆ ಭೂಮಿಯ ಬಿಸಿ. ನನ್ನ ಇಡೀ ಉತ್ತರ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ರೆಟಿಕಲ್ ವಿಷಯ ಇಲ್ಲಿಗೇ ಮುಗಿಸುತ್ತೇನೆ. ಅದು ಗುಂಡು ಎಲ್ಲಿ ಬಿತ್ತು, ಗುರಿ ಎಷ್ಟು ಸರಿಸಬೇಕು ಅಂತ ಪಕ್ಕದಲ್ಲಿ ಕೂತವನು ಅಳೆದು ಹೇಳಲು ಇರುವ ಗೆರೆ. ಮಿಲ್ ಅನ್ನುವ ಅಳತೆಯ ಗೆರೆಯಾದರೆ ಗೆರೆಗಳ ನಡುವಿನ ಒಂದು ಮನೆ ಅಂದರೆ 1000 ಮೀಟರ್ ದೂರದಲ್ಲಿ 1 ಮೀಟರ್. ಹಕ್ಕಿ ನೋಡುವವರಿಗೆ ಅದು ಕಣ್ಣಿಗೆ ಅಡ್ಡ ಬರುವ ಗೆರೆ ಮಾತ್ರ. ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಎಷ್ಟು ಪಟ್ಟು? ಲೆಕ್ಕ ಸುಲಭ. ಹಕ್ಕಿ 400 ಮೀಟರ್ ದೂರದಲ್ಲಿದೆ ಅನ್ನಿ. 20 ಪಟ್ಟಿನಲ್ಲಿ ನೋಡಿದರೆ ಅದು 20 ಮೀಟರ್ ದೂರದಲ್ಲಿದ್ದಂತೆ ಕಾಣುತ್ತದೆ. 40 ಪಟ್ಟಿನಲ್ಲಿ 10 ಮೀಟರ್. 60 ಪಟ್ಟಿನಲ್ಲಿ ಸುಮಾರು 7 ಮೀಟರ್. ನಿಮ್ಮ ಬೈನಾಕ್ಯುಲರ್‌ನ 8 ಪಟ್ಟಿನಲ್ಲಿ ಅದೇ ಹಕ್ಕಿ 50 ಮೀಟರ್ ದೂರ. ಅಂದರೆ 8ರಿಂದ 20ಕ್ಕೆ ಹಾರಿದಾಗ 30 ಮೀಟರ್ ಹತ್ತಿರ ಹೋಗುತ್ತೀರಿ, 40ರಿಂದ 60ಕ್ಕೆ ಹೋದಾಗ ಬರೀ 3 ಮೀಟರ್. ಆ 3 ಮೀಟರಿಗಾಗಿ ಬೆಳಕು, ನೋಟದ ಅಗಲ, ಸ್ಥಿರತೆ ಮೂರನ್ನೂ ಕಳೆದುಕೊಳ್ಳುತ್ತೀರಿ.

ಬೆಳಕಿನದ್ದು ಹೇಗೆ ಅಂದರೆ, ಮುಂದಿನ ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 80 ಮಿಲಿಮೀಟರ್ ಸ್ಕೋಪ್ 20 ಪಟ್ಟಿನಲ್ಲಿ 4 ಮಿಲಿಮೀಟರ್ ಕೊಡುತ್ತದೆ, 60ರಲ್ಲಿ 1.3 ಮಾತ್ರ. 65ರ ಸ್ಕೋಪ್ 60 ಪಟ್ಟಿಗೆ ಹೋದರೆ 1.1ಕ್ಕೆ ಇಳಿಯುತ್ತದೆ. ಬಿಸಿಲಲ್ಲೂ ನಮ್ಮ ಕಣ್ಣಿನ ಪಾಪೆ 2-3 ಮಿಲಿಮೀಟರ್ ತೆರೆದಿರುತ್ತದೆ. ಹಾಗಾಗಿ 60 ಪಟ್ಟಿನಲ್ಲಿ ಚಿತ್ರ ಮಂಕಾಗುತ್ತದೆ, ಕಣ್ಣು ಕೂದಲೆಳೆಯಷ್ಟು ಸರಿದರೂ ಕಪ್ಪಾಗುತ್ತದೆ. ಕಣ್ಣನ್ನು ಎಲ್ಲಿಡಬೇಕು ಅಂತ ಅಭ್ಯಾಸ ಇಲ್ಲದ ಮಕ್ಕಳಿಗೆ 60ರಲ್ಲಿ ತೋರಿಸಲು ಹೋದರೆ ಹತ್ತರಲ್ಲಿ ಎಂಟು ಮಕ್ಕಳು ಏನೂ ಕಾಣ್ತಿಲ್ಲ ಸರ್ ಅನ್ನುತ್ತಾರೆ. ಅದೇ ಸ್ಕೋಪ್ 20ಕ್ಕೆ ಇಳಿಸಿ, ಎಲ್ಲರಿಗೂ ಕಾಣುತ್ತದೆ.

ಆನ್‌ಲೈನ್‌ನಲ್ಲಿ ಎರಡು ಮೂರು ಸಾವಿರಕ್ಕೆ 100 ಪಟ್ಟು, 300 ಪಟ್ಟು ಅಂತ ಬರುವ ವಸ್ತುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಅಂಕಿಗಳನ್ನು ನಂಬಬೇಡಿ. ಸಣ್ಣ ಲೆನ್ಸಿನಿಂದ ಅಷ್ಟು ಪಟ್ಟು ತೆಗೆದರೂ ಕಾಣುವುದು ದೊಡ್ಡದಾದ ಮಸುಕು. ಲೆನ್ಸಿಗೆ ಒಂದು ಮಿತಿ ಇದೆ, ಅದು ಬೆಳಕಿನ ಸ್ವಭಾವದಿಂದಲೇ ಬರುವ ಮಿತಿ. 65 ಮಿಲಿಮೀಟರಿನ ಎಷ್ಟೇ ಒಳ್ಳೆಯ ಗಾಜಾದರೂ 1 ಕಿಲೋಮೀಟರ್ ದೂರದಲ್ಲಿ ಸುಮಾರು 9 ಮಿಲಿಮೀಟರಿಗಿಂತ ಸಣ್ಣ ವಿವರವನ್ನು ಬಿಡಿಸಿ ತೋರಿಸಲಾರದು. 80ರದ್ದು ಸುಮಾರು 7. ಇದು ಕಾಗದದ ಮೇಲಿನ ಲೆಕ್ಕ. ನಿಜದ ಕೆರೆಯಲ್ಲಿ ಅಷ್ಟು ದೂರದವರೆಗೆ ಗಾಳಿಯೇ ಬಿಡುವುದಿಲ್ಲ.

ಗಾಳಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಸ್ಕೋಪ್ ತಗೊಂಡವರು ಮೊದಲ ವಾರದಲ್ಲೇ ಸರ್ವಿಸಿಗೆ ತಂದು, ಇದು ಫೋಕಸ್ ಆಗ್ತಿಲ್ಲ, ಡಿಫೆಕ್ಟ್ ಪೀಸ್ ಕೊಟ್ಟಿದ್ದಾರೆ ಅಂತ ದೂರುವುದನ್ನು ವೃತ್ತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ತೆಗೆದು ಪರೀಕ್ಷಿಸಿದರೆ ಎಷ್ಟೋ ಸಲ ಸ್ಕೋಪ್ ಸರಿಯಾಗಿಯೇ ಇರುತ್ತದೆ. ಅವರು ನೋಡಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಬಿಸಿಲಿಗೆ ನೆಲ ಕಾದಾಗ ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಮೇಲಿನ ತಂಪು ಗಾಳಿ ಕೆಳಗೆ ಬರುತ್ತದೆ. ಬಿಸಿ ಗಾಳಿ ಬೆಳಕನ್ನು ಬಾಗಿಸುವ ರೀತಿ ಬೇರೆ, ತಂಪು ಗಾಳಿಯದ್ದು ಬೇರೆ. ಎರಡೂ ಕಲಸಿಕೊಂಡ ಜಾಗದಲ್ಲಿ ಹಾದು ಬಂದ ಬೆಳಕು ನಡುಗುತ್ತದೆ. ಕಾದ ಡಾಂಬರು ರಸ್ತೆಯ ಮೇಲೆ ಕಾಣುವ ಬಿಸಿಲಿನ ಝಳ ಇದೇ. ಸ್ಕೋಪ್ ಹಕ್ಕಿಯನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೋ ಆ ನಡುಕವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತದೆ. ದೊಡ್ಡ ಲೆನ್ಸಾಗಲಿ ದುಬಾರಿ ಗಾಜಾಗಲಿ ಇದನ್ನು ಸರಿಮಾಡುವುದಿಲ್ಲ. ಬೇಟೆಗಾರರಿಗೂ ಇದು ಗೊತ್ತು. ದೂರದ ಗುರಿಕಾರರು ಆ ಝಳ ಯಾವ ಕಡೆ ಹರಿಯುತ್ತಿದೆ ಅಂತ ನೋಡಿ ಗಾಳಿಯ ದಿಕ್ಕು ಅಂದಾಜು ಮಾಡುತ್ತಾರೆ.

ಮಾಗಡಿ ಕೆರೆಯಲ್ಲಿ ಇದು ಇನ್ನೂ ಕಷ್ಟ. ಹೆಬ್ಬಾತುಗಳು ಕತ್ತಲಲ್ಲಿ ಸುತ್ತಲಿನ ಕಡಲೆ, ಶೇಂಗಾ ಹೊಲಗಳಲ್ಲಿ ಮೇಯ್ದು ಹಗಲು ಹೊತ್ತು ನೀರಿಗೆ ಬಂದು ವಿಶ್ರಮಿಸುತ್ತವೆ. ಅಂದರೆ ಅವು ಕೆರೆಯಲ್ಲಿ ಸಿಗುವ ಹೊತ್ತೇ ಝಳ ಏಳುವ ಹೊತ್ತು. ಬೆಳಿಗ್ಗೆ ಅವು ಬಂದಿಳಿದ ಮೇಲಿನ ಮೊದಲ ಒಂದೆರಡು ಗಂಟೆ ನಿಮ್ಮದು. ಸಂಜೆ ನೆಲ ತಣ್ಣಗಾಗುತ್ತಾ ಬಂದಾಗ ಇನ್ನೊಂದಷ್ಟು ಹೊತ್ತು. ನಡುವೆ ನೋಡಲೇಬೇಕಾದರೆ 20-25 ಪಟ್ಟಿನಲ್ಲೇ ನೋಡಿ. ನೋಟ ಕಾದ ನೆಲದ ಮೇಲೆ ಹಾಯುವ ಬದಲು ನೀರಿನ ಮೇಲೆ ಹಾಯುವಂತೆ ಜಾಗ ಹುಡುಕಿ, ಕೆರೆ ಏರಿಯಂಥ ಎತ್ತರದಿಂದ ನೋಡಿ. ಬಿಸಿಯಾದ ಬೈಕ್ ಎಂಜಿನ್ನಿನ ಮೇಲಿಂದಂತೂ ನೋಡಲೇಬೇಡಿ. ಮೋಡ ಕವಿದ ದಿನ ಸಿಕ್ಕರೆ ಬಿಡಬೇಡಿ, ಸ್ಕೋಪಿಗೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ವರ್ಷದ ಬಹುಪಾಲು ನೀವು 20ರಿಂದ 40 ಪಟ್ಟಿನ ನಡುವೆಯೇ ನೋಡುತ್ತೀರಿ. ಆ ವ್ಯಾಪ್ತಿಯಲ್ಲಿ ಚೊಕ್ಕವಾಗಿ ಕಾಣಿಸುವ ಗಾಜಿಗೆ ಮತ್ತು ಅಲುಗಾಡದ ಟ್ರೈಪಾಡಿಗೆ ದುಡ್ಡು ಹಾಕಿ. ಬಾಕ್ಸಿನ ಮೇಲಿನ ದೊಡ್ಡ ಅಂಕಿಗೆ ಹಾಕಬೇಡಿ.

ಲೆನ್ಸಿನ ಅಗಲದಲ್ಲಿ ನಿಮ್ಮ ಮುಂದೆ ಇರುವುದು ಮೂರು ದಾರಿ. 80-85 ಮಿಲಿಮೀಟರಿನದ್ದು 65ರದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ಬೆಳಕು ಹಿಡಿಯುತ್ತದೆ. ಮುಂಜಾವು, ಮುಸ್ಸಂಜೆಯಲ್ಲಿ ಇದು ದೊಡ್ಡ ಅನುಕೂಲ. ಆದರೆ ಸ್ಕೋಪೇ ಎರಡು ಕೆಜಿ ಹತ್ತಿರ, ಅದಕ್ಕೆ ತಕ್ಕ ಟ್ರೈಪಾಡ್ ಇನ್ನೆರಡು ಕೆಜಿ. ಬೈಕ್‌ನಲ್ಲಿ ಬೆನ್ನಿಗೆ ಹಾಕಿಕೊಂಡು ಹೋಗಲು ಆಗುತ್ತದೆ, ಆದರೆ ಕೆಲವು ತಿಂಗಳಾದ ಮೇಲೆ ಮನೆಯಲ್ಲೇ ಬಿಟ್ಟು ಹೋಗುವುದು ಶುರುವಾಗುತ್ತದೆ. 65ರದ್ದು ಹಗುರ, ಹಗಲು ಬೆಳಕಿನಲ್ಲಿ 40 ಪಟ್ಟಿನ ತನಕ ದೊಡ್ಡದಕ್ಕೆ ಏನೂ ಕಡಿಮೆ ಇಲ್ಲ ಅನ್ನುವಂತೆ ತೋರಿಸುತ್ತದೆ. 50-55ರ ಪುಟ್ಟವು ಒಂದು ಕೆಜಿಗೂ ಕಡಿಮೆ ತೂಗುವುದುಂಟು, ಚಾರಣ ಹೋಗುವವರಿಗೆ ಒಳ್ಳೆಯದು. ಆದರೆ ಈ ಅಳತೆಯಲ್ಲಿ ನಿಜಕ್ಕೂ ಚೆನ್ನಾಗಿರುವವು, ಕೋವಾದ ಫ್ಲೋರೈಟ್ ಸ್ಫಟಿಕದ 55ರಂಥವು, ನಿಮ್ಮ ಬಜೆಟ್ಟಿನ ಆಚೆ. ಸ್ವರೋವ್‌ಸ್ಕಿಯ ಎಟಿಎಕ್ಸ್ ಮಾತಂತೂ ಲಕ್ಷಗಳ ಲೆಕ್ಕ. ಅದರಲ್ಲಿ ಒಮ್ಮೆ ನೋಡಿದವರಿಗೆ ಬೇರೆಯದು ರುಚಿಸುವುದು ಕಷ್ಟ, ಆದರೆ ಹಕ್ಕಿ ಗುರುತಿಸಲು ಅಷ್ಟು ಬೇಕಿಲ್ಲ.

ನಿಮಗೆ ನಾನು ಹೇಳುವುದು 65, ಇಡಿ ಗಾಜಿನದ್ದು. ಇಡಿ ಅಂದರೆ ಬಣ್ಣಗಳನ್ನು ಕಡಿಮೆ ಚದುರಿಸುವ ಗಾಜು. ಸಾಮಾನ್ಯ ಗಾಜಿನಲ್ಲಿ ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ ಫೋಕಸ್ ಆಗಿ ಹಕ್ಕಿಯ ಅಂಚಿಗೆ ನೇರಳೆ-ಹಸಿರು ಗೆರೆ ಬರುತ್ತದೆ. ಹೊಳೆಯುವ ನೀರಿನ ಮುಂದೆ ನಿಂತ ಬೆಳ್ಳಕ್ಕಿಯನ್ನೋ, ಹೆಬ್ಬಾತಿನ ಬಿಳಿ ತಲೆಯ ಮೇಲಿನ ಕಪ್ಪು ಪಟ್ಟೆಯನ್ನೋ ನೋಡುವಾಗ ಇದು ಎದ್ದು ಕಾಣುತ್ತದೆ, 30 ಪಟ್ಟು ದಾಟಿದ ಮೇಲಂತೂ ಜಾಸ್ತಿ. ನಿಮ್ಮ ಆ ಒಂದೇ ಥರದ ಸಣ್ಣ ಹಕ್ಕಿಗಳ ಕಷ್ಟವೂ ಇಲ್ಲೇ ಬಗೆಹರಿಯುತ್ತದೆ. ಲಿಟಲ್ ಸ್ಟಿಂಟ್ ಮತ್ತು ಟೆಮಿಂಕ್ಸ್ ಸ್ಟಿಂಟ್ ಎರಡೂ ಗುಬ್ಬಿಯಷ್ಟೇ ಗಾತ್ರ, ಎರಡೂ ಕೆಸರಿನಲ್ಲಿ ಕುಕ್ಕುತ್ತಿರುತ್ತವೆ. ಮೊದಲನೆಯದರ ಕಾಲು ಕಪ್ಪು, ಎರಡನೆಯದರದ್ದು ಹಳದಿ ಮಿಶ್ರಿತ ಹಸಿರು. ಬಣ್ಣ ಚದುರಿಸುವ ಗಾಜಿನಲ್ಲಿ ಅಷ್ಟು ತೆಳ್ಳನೆಯ ಕಾಲಿನ ಬಣ್ಣ ನಂಬುವಂತಿಲ್ಲ. ಇಡಿ ಇಲ್ಲದ 80ಕ್ಕಿಂತ ಇಡಿ ಇರುವ 65 ಮೇಲು ಅಂತ ನಾನು ಯಾವಾಗಲೂ ಹೇಳುವುದು ಇದಕ್ಕೇ. ಒಂದು ಎಚ್ಚರಿಕೆ ಇದೆ: ಇಡಿ, ಎಚ್‌ಡಿ ಅನ್ನುವ ಅಕ್ಷರಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಎಚ್‌ಡಿ ಅನ್ನುವುದಕ್ಕೆ ಒಂದು ನಿಶ್ಚಿತ ಅರ್ಥವೇ ಇಲ್ಲ. ಕಣ್ಣಿಟ್ಟು ನೋಡಿಯೇ ನಂಬಬೇಕು. ಸೆಲೆಸ್ಟ್ರಾನ್ ರೀಗಲ್ ಎಂ2 65, ನಿಕಾನ್ ಮೊನಾರ್ಕ್‌ನ 60, ಇವು ಈ ವರ್ಗದಲ್ಲಿ ಹುಡುಕಬಹುದಾದ ಹೆಸರುಗಳು. ಬೆಲೆ ಒಂದರದ್ದಕ್ಕೆ ಇನ್ನೊಂದರದ್ದು ಸಮ ಇಲ್ಲ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಹಾಗಾಗಿ ನಾನು ಅಂಕಿ ಬರೆಯುವುದಿಲ್ಲ. ಇವು ಕೈಗೆ ನಿಲುಕದಿದ್ದರೆ ಸೆಲೆಸ್ಟ್ರಾನ್ ಅಲ್ಟಿಮಾ 80ರಂಥ ಇಡಿ ಇಲ್ಲದ್ದನ್ನು ತಗೊಂಡು, 35 ಪಟ್ಟಿನ ಮೇಲೆ ಹೋಗುವುದಿಲ್ಲ ಅಂತ ಒಪ್ಪಿಕೊಂಡು ಬಳಸಬಹುದು. ಶಾಲೆಯ ಕೆಲಸಕ್ಕೆ ಅದೂ ಕೆಟ್ಟದ್ದಲ್ಲ.

ನೇರ ಸ್ಕೋಪ್, ಅಂದರೆ ಐಪೀಸ್ (ಕಣ್ಣಿಡುವ ಲೆನ್ಸ್) ಕೊಳವೆಯ ನೇರಕ್ಕೇ ಇರುವುದು, ಬೇಡ. ಬೇಟೆಗಾರರು ನೇರದ್ದನ್ನು ಮೆಚ್ಚುವುದಕ್ಕೆ ಕಾರಣ ಇದೆ. ಅವರು ಕಾರಿನ ಕಿಟಕಿಗೆ ಸಿಕ್ಕಿಸಿ ನೋಡುತ್ತಾರೆ, ಎತ್ತರದಿಂದ ಕೆಳಗೆ ನೋಡುತ್ತಾರೆ, ಕಂಡ ಪ್ರಾಣಿಯ ಕಡೆ ತಕ್ಷಣ ಗುರಿ ತಿರುಗಿಸಬೇಕಾಗುತ್ತದೆ. ನೀವು ಹಿಂದೆ ಇಪ್ಪತ್ತು ಮಕ್ಕಳನ್ನು ನಿಲ್ಲಿಸಿಕೊಂಡು ತೋರಿಸುವವರು. 45 ಡಿಗ್ರಿ ಬಾಗಿದ ಐಪೀಸ್ ಇದ್ದರೆ ಟ್ರೈಪಾಡನ್ನು ಗಿಡ್ಡ ಮಗುವಿನ ಎತ್ತರಕ್ಕೆ ಇಳಿಸಿ ಇಡಬಹುದು, ಎತ್ತರದವರು ಸ್ವಲ್ಪ ಬಗ್ಗಿದರೆ ಆಯಿತು. ನೇರದ್ದಾದರೆ ಪ್ರತಿ ಮಗುವಿಗೂ ಎತ್ತರ ಬದಲಿಸಬೇಕು, ಬದಲಿಸುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಟ್ರೈಪಾಡ್ ತಗ್ಗಿನಲ್ಲಿದ್ದಷ್ಟೂ ಗಾಳಿಗೆ ಅಲುಗುವುದು ಕಡಿಮೆ, ಅದು ಇನ್ನೊಂದು ಲಾಭ. ಬಾಗಿದ್ದರ ಒಂದೇ ತೊಂದರೆ ಅಂದರೆ ಶುರುವಿನಲ್ಲಿ ಹಕ್ಕಿಯನ್ನು ಹುಡುಕುವುದು ಕಷ್ಟ. ಯಾವಾಗಲೂ ಕಡಿಮೆ ಪಟ್ಟಿನಲ್ಲಿ ಹಿಡಿದು, ಆಮೇಲೆ ಝೂಮ್ ಏರಿಸಿ. 20 ಪಟ್ಟಿನಲ್ಲಿ 1000 ಮೀಟರ್ ದೂರದಲ್ಲಿ ಸಾಮಾನ್ಯವಾಗಿ 35 ಮೀಟರ್ ಅಗಲ ಕಾಣುತ್ತದೆ, 60ರಲ್ಲಿ ಅದರ ಅರ್ಧದಷ್ಟೇ.

ಕನ್ನಡಕದ್ದು ತುಂಬಾ ಮುಖ್ಯ, ಇದನ್ನು ಯಾರೂ ಹೇಳುವುದಿಲ್ಲ. ಐಪೀಸಿನಿಂದ ಕಣ್ಣು ಎಷ್ಟು ದೂರದ ತನಕ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಅನ್ನುವ ಅಳತೆಗೆ ಐ ರಿಲೀಫ್ ಅನ್ನುತ್ತಾರೆ. ಕನ್ನಡಕದವರಿಗೆ ಕನಿಷ್ಠ 16 ಮಿಲಿಮೀಟರ್ ಬೇಕು, 18 ಇದ್ದರೆ ಇನ್ನೂ ಆರಾಮ. ಅಗ್ಗದ ಝೂಮ್ ಐಪೀಸುಗಳಲ್ಲಿ ಪಟ್ಟು ಬದಲಾದಂತೆ ಇದೂ ಬದಲಾಗುತ್ತದೆ. ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡೇ, ಕಣ್ಣಿನ ರಬ್ಬರ್ ಕಪ್ ಕೆಳಗಿಳಿಸಿ, ಎಲ್ಲ ಪಟ್ಟಿನಲ್ಲೂ ನೋಡಿ. ಬರೀ ಹತ್ತಿರದ ಅಥವಾ ದೂರದ ನೋಟದ ಪವರ್ ಆದರೆ ಕನ್ನಡಕ ತೆಗೆದು ಫೋಕಸ್ ಮಾಡಿಕೊಂಡರೂ ನಡೆಯುತ್ತದೆ. ಸಿಲಿಂಡರ್ ಪವರ್ ಜಾಸ್ತಿ ಇದ್ದರೆ ನಡೆಯುವುದಿಲ್ಲ.

ಇನ್ನು ಟ್ರೈಪಾಡ್. ನನ್ನ ಕಳಕಳಿ ಎಲ್ಲಕ್ಕಿಂತ ಇದರ ಮೇಲೆ ಜಾಸ್ತಿ, ಯಾಕಂದರೆ ಜನ ಐವತ್ತು ಸಾವಿರದ ಸ್ಕೋಪನ್ನು ಸಾವಿರ ರೂಪಾಯಿಯ ಮೊಬೈಲ್ ಸ್ಟ್ಯಾಂಡಿನಂಥದ್ದರ ಮೇಲೆ ಕೂರಿಸಿ ಸ್ಕೋಪನ್ನು ಬೈಯುತ್ತಾರೆ. ತೆಳ್ಳನೆಯ ಕಾಲಿನ ಟ್ರೈಪಾಡ್ ಅಂದರೆ ಸಡಿಲ ಹಲಗೆಯ ಮೇಲೆ ನಿಂತು ಸೂಜಿಗೆ ದಾರ ಪೋಣಿಸಿದ ಹಾಗೆ. ಫೋಕಸ್ ಚಕ್ರ ಮುಟ್ಟಿದರೆ ಸಾಕು, ಚಿತ್ರ ನಿಲ್ಲಲು ಎರಡು ಮೂರು ಸೆಕೆಂಡು. ನಿಮ್ಮ 60 ಸಾವಿರದಲ್ಲಿ ಕಾಲುಭಾಗ, ಸಾಧ್ಯವಾದರೆ ಮೂರನೇ ಒಂದು ಭಾಗ, ಇದಕ್ಕೇ ಎತ್ತಿಡಿ. ಅಲ್ಯೂಮಿನಿಯಂ ಸಾಕು, ಕಾರ್ಬನ್ ಬೇಕಿಲ್ಲ. ಬಾಲ್ ಹೆಡ್ (ಚೆಂಡಿನಂತೆ ಎಲ್ಲ ಕಡೆ ತಿರುಗುವ ತಲೆ) ಬೇಡ, ಅದು ಸಡಿಲಿಸಿದರೆ ಸ್ಕೋಪ್ ಪಕ್ಕಕ್ಕೆ ವಾಲುತ್ತದೆ. ಹಿಡಿಕೆ ಇರುವ ಫ್ಲೂಯಿಡ್ ವಿಡಿಯೋ ಹೆಡ್ ತಗೊಳ್ಳಿ, ಈಜುವ ಹಿಂಡಿನ ಜೊತೆ ನಯವಾಗಿ ತಿರುಗುತ್ತದೆ. ನಡುಗಂಬವನ್ನು ಮೇಲೆತ್ತಬೇಡಿ, ಕೆಳಗಿನ ಕೊಕ್ಕೆಗೆ ನಿಮ್ಮ ಚೀಲ ತೂಗುಹಾಕಿ. ಕೆರೆ ಏರಿಯ ಮೇಲೆ ಗಾಳಿ ಬೀಸುವ ದಿನ ಇದರ ಬೆಲೆ ತಿಳಿಯುತ್ತದೆ.

ನಿಮ್ಮ ಗೆಳೆಯರ ಕ್ಯಾಮೆರಾ ಸಲಹೆಯನ್ನು ನಾನು ತಳ್ಳಿಹಾಕುವುದಿಲ್ಲ. ನಿಕಾನ್ ಪಿ950 ಕ್ಯಾಮೆರಾದ ಝೂಮ್ 2000 ಮಿಲಿಮೀಟರಿಗೆ ಸಮ (ಇದು ಲೆನ್ಸಿನ ಅಗಲ ಅಲ್ಲ, ಫೋಕಲ್ ದೂರದ ಅಳತೆ; ಅದು ಹೆಚ್ಚಿದಷ್ಟೂ ಹಕ್ಕಿ ಹತ್ತಿರ ಕಾಣುತ್ತದೆ). ಒಬ್ಬರೇ ತಿರುಗಾಡುವವರಿಗೆ, ಫೋಟೋ ತೆಗೆದು ಮನೆಯಲ್ಲಿ ಕೂತು ಹಕ್ಕಿ ಗುರುತಿಸುವವರಿಗೆ ಅದು ಅಗ್ಗದ, ಹಗುರವಾದ ದಾರಿ. ದಾಖಲೆಯೂ ಉಳಿಯುತ್ತದೆ. ಆದರೆ ಸಣ್ಣ ಸೆನ್ಸರ್, ಮಂದ ಬೆಳಕಿನಲ್ಲಿ ಚಿತ್ರ ಕಾಳುಕಾಳು. ಸಾವಿರಾರು ಹಕ್ಕಿಗಳ ಹಿಂಡನ್ನು ಸಾವಕಾಶವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುತ್ತಾ ಎಣಿಸುವ ಕೆಲಸ ಕ್ಯಾಮೆರಾದ ಪರದೆಯಲ್ಲಿ ಆಗುವುದಿಲ್ಲ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಗೆ ನಿಮ್ಮ ಮಕ್ಕಳನ್ನು ಕರೆದೊಯ್ಯುವ ಆಸೆ ಇದ್ದರೆ, 1987ರಿಂದ ನಡೆದುಬಂದಿರುವ ಗಣತಿ ಅದು, ಸ್ಕೋಪೇ ಬೇಕು. ಮಗು ತನ್ನ ಕಣ್ಣಿನಿಂದಲೇ ಜೀವಂತ ಹಕ್ಕಿ ಗರಿ ತೀಡಿಕೊಳ್ಳುವುದನ್ನು ನೋಡುವುದು ಬೇರೆಯದೇ ಅನುಭವ. ಸ್ಕೋಪಿನ ಐಪೀಸಿಗೆ ಮೊಬೈಲ್ ಅಡಾಪ್ಟರ್ ಹಾಕಿದರೆ ಫೋಟೋನೂ ಸಿಗುತ್ತದೆ. ಮೊಬೈಲಿನ ಮುಖ್ಯ ಲೆನ್ಸ್ ಸುಮಾರು 26 ಮಿಲಿಮೀಟರಿಗೆ ಸಮ, 20 ಪಟ್ಟಿನಲ್ಲಿ ಅದು 520 ಆಗುತ್ತದೆ. ಕ್ಯಾಮೆರಾದಷ್ಟು ಚೊಕ್ಕ ಅಲ್ಲ, ಗುರುತಿಗೆ ಧಾರಾಳ. ಸ್ಕೋಪ್ ಎಲ್ಲ ಕಡೆ ಬೇಕು ಅಂತಲೂ ಇಲ್ಲ. ರಂಗನತಿಟ್ಟಿನ ದೋಣಿಯಲ್ಲಿ ಅದನ್ನು ತೆಗೆಯಲೂ ಆಗದು, ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ತಲೆಯ ಮೇಲೇ ಇರುತ್ತದೆ. ಮಾಗಡಿ, ತುಂಗಭದ್ರಾ ಹಿನ್ನೀರು, ಅಘನಾಶಿನಿಯ ಕೆಸರು ಬಯಲು, ಇಂಥ ತೆರೆದ ಜಾಗಕ್ಕೆ ಮಾತ್ರ ಅದು ಅನಿವಾರ್ಯ. ಅಘನಾಶಿನಿಗೆ ಹೋದರೆ ಉಬ್ಬರ ಏರುವ ಹೊತ್ತಿಗೆ ನಿಂತುಕೊಳ್ಳಿ, ನೀರೇ ಹಕ್ಕಿಗಳನ್ನು ನಿಮ್ಮ ಕಡೆ ತಳ್ಳಿಕೊಂಡು ಬರುತ್ತದೆ.

ಡೆನ್ವರ್‌ನಿಂದ ತರಿಸುವುದರಲ್ಲಿ ಲಾಭವೂ ಇದೆ, ಅಪಾಯವೂ ಇದೆ. ಅಲ್ಲಿ ಮಾದರಿಗಳು ಜಾಸ್ತಿ, ಬೆಲೆ ಕಡಿಮೆ ಇರಬಹುದು. ಆದರೆ ಸುಂಕವಿಲ್ಲದೆ ತರಬಹುದಾದ ಮಿತಿ ದಾಟಿದರೆ ವಿಮಾನ ನಿಲ್ದಾಣದಲ್ಲಿ ಕಟ್ಟಬೇಕು, ಬಿಲ್ ಜೊತೆಗಿರಲಿ. ವಾರಂಟಿ ಇಲ್ಲಿ ನಡೆಯುತ್ತದೋ ಇಲ್ಲವೋ ಮೊದಲೇ ಕಂಪನಿಗೆ ಬರೆದು ಕೇಳಿ. ದೊಡ್ಡ ಅಪಾಯ ಇನ್ನೊಂದು. ಈ ಬೆಲೆಯ ಸ್ಕೋಪುಗಳಲ್ಲಿ ಒಂದೇ ಮಾದರಿಯ ಎರಡು ಪೀಸ್ ಒಂದೇ ಥರ ಇರುವುದಿಲ್ಲ. ಒಂದು ಚುರುಕು, ಇನ್ನೊಂದು ಮಂಕು. ಇಲ್ಲಿ ಕೊಂಡರೆ ಬದಲಿಸಬಹುದು, ಅಲ್ಲಿಂದ ಬಂದದ್ದನ್ನು ಬದಲಿಸುವುದು ಕಷ್ಟ. ಆದ್ದರಿಂದ ನಿಮ್ಮ ತಮ್ಮನಿಗೆ ಹೊರಡುವುದಕ್ಕೆ ಹದಿನೈದು ದಿನ ಮೊದಲೇ ಕೊಳ್ಳಲು ಹೇಳಿ, ಅಲ್ಲೇ ಪರೀಕ್ಷೆ ಮಾಡಲಿ. ಬೆಳಿಗ್ಗೆ ತಂಪಿನಲ್ಲಿ, ಕಿಟಕಿಯ ಗಾಜಿನ ಮೂಲಕ ಅಲ್ಲ, ಹೊರಗೆ ನಿಂತು ನೂರು ಮೀಟರ್ ಆಚೆಯ ಸಣ್ಣ ಅಕ್ಷರದ ಬೋರ್ಡ್ ನೋಡಬೇಕು. ಗರಿಷ್ಠ ಪಟ್ಟಿನಲ್ಲಿ ಫೋಕಸ್ ತಿರುಗಿಸಿದಾಗ ಒಂದು ಜಾಗದಲ್ಲಿ ಅಕ್ಷರ ಟಕ್ ಅಂತ ಚುರುಕಾಗಿ ನಿಲ್ಲಬೇಕು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಹುಡುಕುತ್ತಲೇ ಇರುವ ಹಾಗಾದರೆ ಆ ಪೀಸ್ ಬೇಡ. ರಾತ್ರಿ ಒಂದು ನಕ್ಷತ್ರ ಹಿಡಿದು ಫೋಕಸನ್ನು ಸ್ವಲ್ಪ ಆಚೆ, ಸ್ವಲ್ಪ ಈಚೆ ಮಾಡಲಿ. ಎರಡೂ ಕಡೆ ದುಂಡಗಿನ ಉಂಗುರ ಕಂಡರೆ ಲೆನ್ಸು ಸರಿಯಾಗಿ ಕೂತಿದೆ. ಮೊಟ್ಟೆಯಾಕಾರ, ಒಂದು ಕಡೆ ಬಾಲ ಕಂಡರೆ ವಾಪಸ್ ಕೊಡಲಿ. ತರುವಾಗ ಕೈಚೀಲದಲ್ಲೇ ತರಲಿ, ಲಗೇಜಿಗೆ ಹಾಕುವುದು ಬೇಡ.

ಬಂದ ಮೇಲೆ ಕಾಪಾಡುವುದು. ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದು ಅಂದರೆ ಒಳಗೆ ಮಂಜು ಕಟ್ಟುವುದಿಲ್ಲ, ಅಷ್ಟೇ. ಹೊರಗಿನ ಗಾಜಿಗೆ ಬೆರಳಿನ ಜಿಡ್ಡು, ಬೆವರು ಅಂಟಿ, ಮಳೆಗಾಲದ ತೇವದಲ್ಲಿ ಚೀಲದೊಳಗೇ ಕೂತರೆ ಬೂಷ್ಟು ಹಿಡಿಯುತ್ತದೆ, ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ. ಮಲೆನಾಡು, ಕರಾವಳಿಯ ಸ್ಕೋಪುಗಳಲ್ಲಿ ನಾನು ಅತಿ ಹೆಚ್ಚು ನೋಡಿದ ಹಾನಿ ಇದು. ನಿಮ್ಮ ಊರಿನಲ್ಲಿ ಭಯ ಕಡಿಮೆ, ಆದರೂ ಜೂನ್‌ನಿಂದ ಅಕ್ಟೋಬರ್ ತನಕ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಚರ್ಮದ ಚೀಲದಲ್ಲಿ ಬೇಡ. ನಿಮ್ಮ ಕಡೆಯ ಶತ್ರು ದೂಳು. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಮಾತ್ರ ಬಟ್ಟೆ. ಅಂಗಿಯ ಚುಂಗಿನಿಂದ ಒರೆಸಿದರೆ ಆ ದೂಳೇ ಉಜ್ಜುಕಾಗದವಾಗುತ್ತದೆ. ಮತ್ತು ಮಕ್ಕಳಿಗೆ ಮೊದಲ ದಿನವೇ ಗಟ್ಟಿಯಾಗಿ ಹೇಳಬೇಕಾದ್ದು: ಸ್ಕೋಪನ್ನು ಸೂರ್ಯನ ಕಡೆ ತಿರುಗಿಸಲೇಬಾರದು, ಒಂದು ಕ್ಷಣಕ್ಕೂ ಬೇಡ, ಕಣ್ಣು ಹೋಗುತ್ತದೆ. ಸಂಜೆ ಹೊತ್ತು ಪಡುವಣಕ್ಕೆ ಮುಖ ಮಾಡಿ ನಿಲ್ಲಿಸಿದ್ದರೆ ಮುಚ್ಚಳ ಹಾಕಿ, ಪಕ್ಕದಲ್ಲಿ ನೀವೇ ನಿಂತಿರಿ.

ಕೊನೆಯದಾಗಿ, ಸ್ಕೋಪ್ ಬಂದ ಮೇಲೆ ಹೆಬ್ಬಾತುಗಳ ಕೊರಳನ್ನು ಬಿಡದೆ ನೋಡುತ್ತಾ ಹೋಗಿ. ಮಂಗೋಲಿಯಾದಲ್ಲಿ ಅಕ್ಷರ ಮತ್ತು ಅಂಕಿ ಬರೆದ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅಂಥದ್ದು ಸಿಕ್ಕರೆ ಪಟ್ಟಿಯ ಬಣ್ಣ, ಅಕ್ಷರ, ಅಂಕಿ, ದಿನ, ಕೆರೆಯ ಹೆಸರು ಎಲ್ಲ ಬರೆದುಕೊಳ್ಳಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ, ಅಕ್ಷರ ಒಂದು ಅಸ್ಪಷ್ಟವಾಗಿದ್ದರೆ ಊಹಿಸದೆ ಅಸ್ಪಷ್ಟ ಅಂತಲೇ ಬರೆಯಿರಿ. ಮುಂಬೈಯ ಬಿಎನ್‌ಎಚ್‌ಎಸ್‌ಗೆ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ಕಳಿಸಿಕೊಡಿ, ಇಂಥ ಮಾಹಿತಿಯನ್ನು ಅವರು ಸ್ವೀಕರಿಸುತ್ತಾರೆ. ಹೆಸರು ಬರೆಯುವಾಗ ಆ ಪಟ್ಟಿಯನ್ನು ಮೊದಲು ಕಂಡ ಮಗುವಿನ ಹೆಸರನ್ನೂ ಸೇರಿಸಿ.